ಬಾವುಟ ಅಲುಗಾಡುವವರೆಗೆ

ಹೆಜ್ಜೇನಿನ ಮೈಮೇಲೆ ಅಲೆ ಓಡುವುದನ್ನು ನಾನು ಮೊದಲು ನೋಡಿದ್ದು ಆ ದಿನ ಬೆಳಿಗ್ಗೆ, ಭದ್ರಾವತಿಯ ಕಾಗದನಗರದ ಅಜ್ಜಿಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು, ಕೈಯಲ್ಲಿ ಅರ್ಧ ತಿಂದ ಅವಲಕ್ಕಿಯ ತಟ್ಟೆ ಹಿಡಿದುಕೊಂಡು.

ಹಿತ್ತಿಲಾಚೆ ಕ್ವಾರ್ಟರ್ಸಿನ ಹಳೆಯ ನೀರಿನ ಟ್ಯಾಂಕು. ಅದರ ಬೋಗುಣಿಯಂಥ ತಳಕ್ಕೆ ಮೂರು ಜೇನುಹುಟ್ಟುಗಳು ಜೋತುಬಿದ್ದಿದ್ದವು. ಒಂದೊಂದೂ ಬಾಗಿಲ ಕದದಷ್ಟು ಅಗಲ. ದೂರಕ್ಕೆ ಎಣ್ಣೆ ಸವರಿದ ಕರಿ ಚರ್ಮ ಒಣಹಾಕಿದ ಹಾಗೆ ಕಾಣುತ್ತಿತ್ತು. ಒಂದು ಕಾಗೆ ಹತ್ತಿರದಲ್ಲಿ ಹಾರಿತು. ಚರ್ಮಕ್ಕೆ ಜೀವ ಬಂತು. ಮೇಲಿನಿಂದ ಕೆಳಕ್ಕೆ ಬೆಳ್ಳಿಯ ಅಲೆಯೊಂದು ಸರ್ರನೆ ಓಡಿ ಮಾಯವಾಯಿತು.

"ನೋಡಿದ್ಯಾ ಮಗ?" ಎಂದಳು ಅಜ್ಜಿ. "ಅದು ಅವು ಆಡೋ ಮಾತು. 'ಗೊತ್ತಾಯ್ತು, ದೂರ ಹೋಗು' ಅಂತ. ಎರಡನೇ ಸಲನೂ ಹಂಗೇ ಹೇಳ್ತಾವೆ. ಮೂರನೇ ಸಲ ಮಾತಾಡಲ್ಲ."

"ಮತ್ತೇನು ಮಾಡ್ತಾವೆ?"

"ಬರ್ತಾವೆ. ಬರೋ ಮುಂಚೆ ಕಳಿತ ಬಾಳೆಹಣ್ಣಿನ ವಾಸನೆ ಬರುತ್ತೆ. ಒಂದು ಚುಚ್ಚಿದ ಕಡೆ ಆ ವಾಸನೆ, ಅದನ್ನ ಹಿಡ್ಕೊಂಡು ಉಳಿದವು. ಅವಲಕ್ಕಿ ತಿನ್ನು."

ನನಗೆ ಇಪ್ಪತ್ತಮೂರು ವಯಸ್ಸಾದರೂ ನನ್ನ ಅಜ್ಜಿ ದುರ್ಗಮ್ಮ ಹೇಳಿದ್ದೆಲ್ಲ ನನ್ನ ಮೈಯೊಳಗೆ ಕಥೆಯಾಗಿಯೇ ಇಳಿಯುತ್ತದೆ. ತಟ್ಟೆ ಕೆಳಗಿಟ್ಟು ಮತ್ತೆ ಟ್ಯಾಂಕಿನ ಕಡೆ ನೋಡಿದೆ. ಯಾಕೆಂದರೆ ಅದೇ ಟ್ಯಾಂಕಿನ ಬುಡದಲ್ಲಿ, ಮಧ್ಯಾಹ್ನ, ನಾಲ್ಕು ದೊಡ್ಡ ಬೇಸ್ ಪೆಟ್ಟಿಗೆಗಳನ್ನು ಗಾಡಿಯ ಮೇಲಿಟ್ಟುಕೊಂಡು ಬಂದು ನಿಲ್ಲಬೇಕಾದವಳು ನಾನೇ.

ನಮ್ಮದು ಶಿವಮೊಗ್ಗದಲ್ಲಿ ಬಾಡಿಗೆಗೆ ಡೀಜೆ ಕೊಡುವ ಮನೆ. ಆನಂದ್ ಚಿಕ್ಕಪ್ಪನ ಅಂಗಡಿ ದುರ್ಗಿಗುಡಿಯಲ್ಲಿ. ಡಿಪ್ಲೊಮಾ ಮುಗಿಸಿದ ಮೇಲೆ ಅಲ್ಲಿ ಪ್ರೊಸೆಸರ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಡು ಹಾಕುವವನು ಧರ್ಮೇಂದ್ರ. ಅವನ ಮಿಕ್ಸರಿನಿಂದ ಹೊರಟ ಹಾಡು ಪೆಟ್ಟಿಗೆಗಳಿಗೆ ಹೋಗುವ ಮೊದಲು ನನ್ನ ಈ ಡಬ್ಬಿಯೊಳಗೆ ಹಾದುಹೋಗಬೇಕು. ಇದೇನು ಮಾಡುತ್ತದೆ ಎಂದು ಅಜ್ಜಿ ಹಿಂದೊಮ್ಮೆ ಕೇಳಿದ್ದಳು. "ಮೊರ ಇದ್ದ ಹಾಗೆ ಅಜ್ಜಿ, ಹಾಡನ್ನ ಕೇರುತ್ತೆ," ಎಂದಿದ್ದೆ. ದಪ್ಪ ಕಾಳು ಬೇಸ್ ಪೆಟ್ಟಿಗೆಗೆ, ನಡುವಿನದು ನಡುವಿನ ಪೆಟ್ಟಿಗೆಗೆ, ನುಚ್ಚು ಮೇಲಿನ ಸಣ್ಣ ಹಾರ್ನಿಗೆ. ಅದರೊಳಗೇ ಲಿಮಿಟರ್ ಎಂಬುದೊಂದಿದೆ. ಅದು ಹಳೇ ಮನೆಯ ತಗ್ಗು ಬಾಗಿಲು. ಶಬ್ದ ಎಷ್ಟು ಎತ್ತರದ್ದಾದರೂ ಅಲ್ಲಿ ತಲೆ ಬಗ್ಗಿಸಿಯೇ ದಾಟಬೇಕು. ಇಲ್ಲವಾದರೆ ಪೆಟ್ಟಿಗೆ ಸುಡುತ್ತದೆ.

ಕಾಗದನಗರದ ಹುಡುಗರು ನವೆಂಬರಿನಲ್ಲಿ ಪ್ರತಿ ವರ್ಷ ರಾಜ್ಯೋತ್ಸವದ ಮೆರವಣಿಗೆ ಮಾಡುತ್ತಾರೆ. ಧ್ವಜದ ಕಂಬ ಇರುವುದು ಟ್ಯಾಂಕಿನ ಬುಡದ ಸರ್ಕಲ್ಲಿನಲ್ಲಿ. ಅವರದೊಂದು ಪದ್ಧತಿ: ಗಾಡಿ ಕಂಬದ ಎದುರು ನಿಲ್ಲಬೇಕು, ಬೇಸ್ ಬಿಡಬೇಕು, ಗಾಳಿಯಿಲ್ಲದೆ ಬಾವುಟ ಅಲುಗಾಡಬೇಕು. ಅಲುಗಾಡಿದ ಮೇಲೆ ಹೆಂಗಸರು ತಾಯಿ ಭುವನೇಶ್ವರಿಯ ಪಟಕ್ಕೆ ಆರತಿ ಎತ್ತುತ್ತಾರೆ, ಮೆರವಣಿಗೆ ಮುಂದಕ್ಕೆ ಸಾಗುತ್ತದೆ. ಅಲ್ಲಿಯವರೆಗೂ ಗಾಡಿ ಕದಲುವಂತಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಸೆಟ್ ತೆಗೆದುಕೊಂಡು ಗಾಂಧಿ ಬಜಾರಿನ ಮೆರವಣಿಗೆಯಲ್ಲಿದ್ದರು.

"ಚಿಕ್ಕಪ್ಪ, ಇಲ್ಲಿ ಟ್ಯಾಂಕ್ ಕೆಳಗೆ ಹೆಜ್ಜೇನು ಕೂತಿದೆ."

"ಜೇನಿಗೆ ಕಿವಿ ಇಲ್ಲ ಮಾರಾಯ್ತಿ."

"ಮೈ ಇದೆಯಲ್ಲ. ಬೇಸ್ ಮೈಗೇ ತಾನೆ ತಾಗೋದು?"

ಅವರು ದನಿ ಏರಿಸಿದರು. ಹಿಂದೆ ಡೊಳ್ಳು, ಶಿಳ್ಳೆ. "ಹುಡುಗರ ಲೀಡರ್ ಹತ್ರ ಮಾತಾಡು. ಲಿಮಿಟರ್ ಲಾಕ್ ಮಾತ್ರ ಯಾರು ಕಾಲಿಗೆ ಬಿದ್ರೂ ತೆಗೀಬೇಡ. ಕೇಳ್ತಿದ್ಯಾ?" ಲೈನ್ ಕಟ್ಟಾಯಿತು.

ಲೀಡರ್ ಎಂದರೆ ವಿಷ್ಣು. ಕೊರಳಲ್ಲಿ ಕೆಂಪು ಹಳದಿ ಶಲ್ಯ, ಕೈಯಲ್ಲಿ ಎರಡು ಫೋನು. ನಾನು ಹೇಳಿದ್ದಕ್ಕೆ ಹಲ್ಲು ಬಿಟ್ಟ.

"ಅಕ್ಕಾ, ಅವು ಹೋದ ವರ್ಷನೂ ಇದ್ವು. ಅಪ್ಪಟ ಕನ್ನಡದ ಜೇನು, ನಮ್ಮ ಜೊತೆ ಕುಣೀತಾವೆ."

"ಹೋದ ವರ್ಷ ಸಣ್ಣ ಪೆಟ್ಟಿಗೆ ಇತ್ತು ಕಣಪ್ಪ."

"ಅದಕ್ಕೇ ಬಾವುಟ ಒಂಚೂರು ಮಿಸುಕಿ ಸುಮ್ಮನಾಯ್ತು. ಆಚೆ ಕಾಲೋನಿಯವರು ಇನ್ನೂ ಆಡ್ಕೋತಾರೆ, ನಿಮ್ಮ ಡೀಜೆಗೆ ಕರ್ಚೀಫೂ ಅಲ್ಲಾಡಲ್ಲ ಅಂತ. ಈ ಸಲ ಕಂಬ ಅಲ್ಲಾಡ್ಬೇಕು ಅಕ್ಕಾ!"

ಮಧ್ಯಾಹ್ನ ಮೆರವಣಿಗೆ ಹೊರಟಿತು. ಮುಂದೆ ಟ್ರ್ಯಾಕ್ಟರಿನಲ್ಲಿ ತಾಯಿಯ ಪಟ, ಅದರ ಹಿಂದೆ ಕಿತ್ತೂರ ಚೆನ್ನಮ್ಮ, ಒನಕೆ ಓಬವ್ವರ ವೇಷ ಹಾಕಿದ ಪುಟ್ಟ ಮಕ್ಕಳು, ಅವರ ಹಿಂದೆ ನಮ್ಮ ಗಾಡಿ, ಗಾಡಿಯ ಹಿಂದೆ ಕುಣಿಯುವ ಹುಡುಗರು. ಊರಿನ ಕಾಗದದ ಗಿರಣಿ ಬಾಗಿಲು ಹಾಕಿದ ಮೇಲೆ ಅರ್ಧಕ್ಕರ್ಧ ಕ್ವಾರ್ಟರ್ಸು ಖಾಲಿ. ಕಿಟಕಿಯಿಲ್ಲದ ಗೋಡೆಗಳು ಹಾಡನ್ನು ನುಂಗಿ ಮತ್ತೆ ಉಗುಳುತ್ತಿದ್ದವು. ಖಾಲಿ ಮನೆಗಳ ಒಳಗೆ ಇನ್ನೊಂದು ಮೆರವಣಿಗೆ ನಮ್ಮ ಪಕ್ಕದಲ್ಲೇ ಬರುತ್ತಿದೆಯೇನೋ ಅನಿಸಿ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಅಜ್ಜಿ ಹೇಳುತ್ತಿದ್ದ ಡೊಳ್ಳಿನವನ ಕಥೆ ನೆನಪಾಗುತ್ತಿತ್ತು. ಬೇಡವೆಂದರೂ. ಒಬ್ಬ ರಾಜನ ಡೊಳ್ಳಿನವ ದಿನಾ ಜೇನುಬಂಡೆಯ ಕೆಳಗೆ ಡೊಳ್ಳು ಬಾರಿಸುತ್ತ ಹಾದುಹೋಗುತ್ತಿದ್ದ. ಜೇನಿಗೆ ಅವನ ಸದ್ದು ರೂಢಿಯಾಗಿತ್ತು. ಒಂದು ದಿನ ತಲೆಯೆತ್ತಿ ನೋಡಿದ, ಹೆದರಿದ, ಗಕ್ಕನೆ ಕೈ ನಿಲ್ಲಿಸಿದ. ಸದ್ದು ನಿಂತಿದ್ದಕ್ಕೇ ಅವು ಎದ್ದವು. "ದೂರ ಹೋಗ್ತಿರೋನ ಹಂಗೆ ಸಣ್ಣಗೆ ಸಣ್ಣಗೆ ಮಾಡ್ಬೇಕಿತ್ತು ಅವನು," ಎನ್ನುತ್ತಿದ್ದಳು ಅಜ್ಜಿ. ಆಮೇಲೆ ಅವನಿಗೇನಾಯಿತು ಎಂದು ಕೇಳಿದರೆ, "ಊಟ ಮುಗಿಸು, ಹೇಳ್ತೀನಿ." ಊಟ ಮುಗಿಯುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಗಾಡಿ ಸರ್ಕಲ್ಲಿಗೆ ಬಂದು ನಿಂತಿತು. ಟ್ಯಾಂಕಿನ ನೆರಳು ನಮ್ಮ ಮೇಲೆ ಬಿತ್ತು. ಕಂಬದ ಕಟ್ಟೆಯ ಹತ್ತಿರ ಆರತಿ ತಟ್ಟೆ ಹಿಡಿದ ಹೆಂಗಸರ ಸಾಲು. ಅವರ ನಡುವೆ ಹಸಿರು ಸೀರೆಯ ನನ್ನ ಅಜ್ಜಿ, ಪಕ್ಕದಲ್ಲಿ ಅವಳ ನೆರೆಮನೆಯ ಕಲ್ಲಮ್ಮ. ವೇಷದ ಮಕ್ಕಳೆಲ್ಲ ಟ್ಯಾಂಕಿನ ಕಂಬಗಳ ನಡುವೆ ನೆರಳಿಗೆ ನುಗ್ಗಿದರು. ನೇರ ಹುಟ್ಟುಗಳ ಕೆಳಗೆ.

ಧರ್ಮೇಂದ್ರ ಹೊಸ ಹಾಡು ಏರಿಸಿದ. ಧಬ್.

ತಲೆಯೆತ್ತಿದೆ. ಕರಿ ಚರ್ಮದ ಮೇಲೆ ಅಲೆ ಓಡಿತು.

ಧಬ್. ಅಲೆ. ಧಬ್. ಅಲೆ. ಮೂರೂ ಹುಟ್ಟುಗಳು ಹಾಡಿನ ತಾಳಕ್ಕೆ ಸರಿಯಾಗಿ ಮಿನುಗಿ ಆರುತ್ತಿದ್ದವು. ವಿಷ್ಣು ಹೇಳಿದ್ದು ನಿಜ, ಅವು ಕುಣಿಯುತ್ತಿದ್ದವು. ಎಷ್ಟು ಚೆಂದವಾಗಿತ್ತೆಂದರೆ ಒಂದು ಗಳಿಗೆ ನಾನು ಹೆದರುವುದನ್ನೂ ಮರೆತೆ. ಆಮೇಲೆ ಅಲೆ ನಿಂತಿತು. ಹಾಡು ನಿಂತಿರಲಿಲ್ಲ. ಧಬ್ ಎಂದರೂ ಮಿನುಗಲಿಲ್ಲ. ನಡುವಿನ ಹುಟ್ಟಿನ ಕೆಳ ಅಂಚು ಸಡಿಲಾಗಿ, ಮುದುಕನ ಗಡ್ಡದ ಹಾಗೆ ಎಳೆ ಎಳೆಯಾಗಿ ಇಳಿಯತೊಡಗಿತು.

ಮೂರನೇ ಸಲ ಮಾತಾಡಲ್ಲ.

ಮೈಕಿಗೆ ಕೈ ಹಾಕಿದೆ. ಕೂಗಿಬಿಡಬೇಕೆನಿಸಿತು. ಆದರೆ ಮೈಕಿನಲ್ಲಿ 'ಜೇನು' ಎಂಬ ಒಂದು ಮಾತು ಬಂದರೆ ಇಷ್ಟೂ ಜನ ಓಡುತ್ತಾರೆ. ಬಂದ ದಾರಿಗೆ ಅಡ್ಡ ನಮ್ಮದೇ ಗಾಡಿ, ಮುಂದಿನ ಕಿರಿದಾದ ದಾರಿಗೆ ಅಡ್ಡ ಟ್ರ್ಯಾಕ್ಟರು. ಕಾಲ್ತುಳಿತದ ಕೆಳಗೆ ಮೊದಲು ಸಿಕ್ಕುವವರು ಆ ಪುಟ್ಟ ಓಬವ್ವಂದಿರು. ಓಡಿದವರನ್ನು ಜೇನು ಬಿಡುವುದೂ ಇಲ್ಲ. ಹಾಡನ್ನು ಗಕ್ಕನೆ ನಿಲ್ಲಿಸಿದರೆ? ಡೊಳ್ಳಿನವ.

ಪ್ರೊಸೆಸರಿನ ಪುಟ್ಟ ಪರದೆ ತೆರೆದೆ. ಇಷ್ಟಕ್ಕಿಂತ ಕೆಳಗಿನ ಸ್ವರ ಬೇಸ್ ಪೆಟ್ಟಿಗೆಗೆ ಹೋಗಬಾರದು ಎಂದು ಹೇಳುವ ಸಂಖ್ಯೆಯೊಂದಿದೆ. ಅದು ಮೂವತ್ತರಲ್ಲಿತ್ತು. ಗುಂಡಿಯನ್ನು ಒಂದು ಕೂದಲಿನಷ್ಟು ತಿರುಗಿಸಿದೆ. ಮತ್ತೊಂದು ಕೂದಲು. ಮೂವತ್ತೈದು. ನಲವತ್ತು. ನಮ್ಮ ಕಿವಿಗೊಂದು ಮರುಳಿದೆ: ದಪ್ಪ ಸ್ವರವನ್ನು ಕಿತ್ತು, ಅದರ ಬೆನ್ನಿಗಿರುವ ಮೇಲಿನ ಸ್ವರಗಳನ್ನು ಗಟ್ಟಿ ಮಾಡಿದರೆ, ಇಲ್ಲದ ದಪ್ಪವನ್ನು ಕಿವಿ ತಾನೇ ಕಟ್ಟಿಕೊಂಡು ಕೇಳುತ್ತದೆ, ಕಥೆ ಕೇಳುವ ಮಗು ಕಾಣದ ರಾಕ್ಷಸನನ್ನು ಕಂಡ ಹಾಗೆ. ನಾನು ಕೆಳಗಿನದನ್ನು ಕಳೆಯುತ್ತ, ಮೇಲಿನದನ್ನು ಕೂಡಿಸುತ್ತ ಹೋದೆ. ಐವತ್ತು. ಅರವತ್ತು. ಹುಡುಗರು ಇಲ್ಲದ ಬೇಸಿಗೆ ಕುಣಿಯುತ್ತಿದ್ದರು. ಒಬ್ಬನಿಗೂ ಗೊತ್ತಾಗಲಿಲ್ಲ. ಎಂಬತ್ತು. ಮೇಲೆ ಗಡ್ಡದ ಎಳೆಗಳು ಇಳಿಯುವುದನ್ನು ನಿಲ್ಲಿಸಿ, ಒಂದೊಂದಾಗಿ ಮೇಲಕ್ಕೆ ಸೇದಿಕೊಳ್ಳತೊಡಗಿದವು.

ಗುಂಡಿಯಿಂದ ಕೈ ತೆಗೆದೆ.

ಆದರೆ ಬಾವುಟಕ್ಕೆ ಕಿವಿಯಿಲ್ಲ. ಅದನ್ನು ಮರುಳು ಮಾಡಲು ಆಗುವುದಿಲ್ಲ. ಅದು ಕಂಬಕ್ಕೆ ಅಂಟಿಕೊಂಡು, ಒಣಗಿಸಿದ ಟವೆಲಿನ ಹಾಗೆ ನೇತಾಡುತ್ತಿತ್ತು. ಹುಡುಗರು ಕುಣಿತ ನಿಲ್ಲಿಸಿ ಒಬ್ಬೊಬ್ಬರಾಗಿ ಅದನ್ನೇ ನೋಡತೊಡಗಿದರು.

"ಏನ್ ಡೀಜೆನೋ ಇದು, ಅಂತ್ಯಾಕ್ಷರಿಗೆ ತಂದಿದ್ದಾರಾ?" ಎಂದ ಒಬ್ಬ.

ವಿಷ್ಣು ಗಾಡಿಯ ಪಕ್ಕಕ್ಕೆ ಬಂದು ಕೈಯಾಡಿಸಿದ. "ಅಕ್ಕಾ, ಲಾಕ್ ತೆಗೀರಿ! ಬಾವುಟ!"

ಧರ್ಮೇಂದ್ರ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ನನ್ನ ಕಡೆ ಬಗ್ಗಿದ. "ರಂಜಿನಿ, ಬೇಸ್ ಸತ್ತಿದೆ ಕಣೇ! ಎದೆಗೆ ತಾಗ್ತಾನೇ ಇಲ್ಲ!"

"ನಾನೇ ಕಮ್ಮಿ ಮಾಡಿದ್ದು," ಎಂದೆ. ಹಾರ್ನಿನ ಅಬ್ಬರದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಜೋರಾಗಿ ಕೂಗಲು ಭಯ, ಎದುರಿಗೇ ವಿಷ್ಣು. ಬೆರಳೆತ್ತಿ ಮೇಲೆ ತೋರಿಸಿದೆ.

ಅವನು ಮೇಲೆ ನೋಡಿದ. ನನ್ನ ಬೆರಳಿನ ಗೆರೆಯಲ್ಲಿ ಟ್ಯಾಂಕಿಗಿಂತ ಮೊದಲು ಸಿಗುವುದು ಬಾವುಟ.

"ಹೌದು ಮಾರಾಯ್ತಿ, ಅದನ್ನೇ ನಾನೂ ಬಡ್ಕೊಳ್ತಿರೋದು! ಅಲ್ಲಾಡ್ತಿಲ್ಲ! ಪ್ರೊಸೆಸರ್ ಹ್ಯಾಂಗ್ ಆಗಿದೆ!"

ತಲೆ ಅಲ್ಲಾಡಿಸಿದೆ, ಎರಡೂ ಕೈ ಆಡಿಸಿ ಬೇಡ ಎಂದೆ. ನನಗೆ ಏನೂ ತೋಚುತ್ತಿಲ್ಲ ಎಂದುಕೊಂಡನೋ ಏನೋ. ನನ್ನ ಹೆಗಲ ಮೇಲಿಂದ ಕೈ ಚಾಚಿ ಪ್ರೊಸೆಸರಿನ ಸ್ವಿಚ್ ಒತ್ತಿಬಿಟ್ಟ. ಆರಿಸಿ, ಮತ್ತೆ ಹಾಕಿದ.

ಅಂಗಡಿಗೆ ಸೇರಿದ ದಿನವೇ ಚಿಕ್ಕಪ್ಪ ಕಲಿಸುವ ಪಾಠ: ಮೊದಲು ಆಂಪ್ಲಿಫೈಯರ್ ಆರಿಸು, ಆಮೇಲೆ ಉಳಿದದ್ದು. ತಿರುಗಾಮುರುಗಾ ಮಾಡಿದರೆ ಪ್ರೊಸೆಸರ್ ಸಾಯುವಾಗ ಒಂದು ಹೊಡೆತ ಹೊಡೆದೇ ಸಾಯುತ್ತದೆ. ಆ ಹೊಡೆತಕ್ಕೆ ತಗ್ಗು ಬಾಗಿಲೂ ಇಲ್ಲ, ಮೊರವೂ ಇಲ್ಲ.

ಧಡ್!

ನಾಲ್ಕೂ ಪೆಟ್ಟಿಗೆಗಳು ಒಟ್ಟಿಗೆ. ಗಾಡಿಯ ಹಲಗೆ ಕಾಲ ಕೆಳಗೆ ಎಗರಿತು. ಆಮೇಲೆ ನಿಶ್ಶಬ್ದ.

ನಡುವಿನ ಹುಟ್ಟಿನಿಂದ ಒಂದು ಕರಿಯ ಪರದೆ ಕಳಚಿ ಬಿತ್ತು. ನೆಲಕ್ಕೆ ಬೀಳಲಿಲ್ಲ. ಅರ್ಧ ದಾರಿಯಲ್ಲಿ ಗಾಳಿಯಲ್ಲೇ ನಿಂತು, ಹರಡಿ, ಹೊಗೆಯಾಯಿತು. ಆ ನಿಶ್ಶಬ್ದದೊಳಗಿನಿಂದ ಒಂದು ಗುಂಯ್‌ಗುಡುವಿಕೆ ಹುಟ್ಟಿತು. ಕೆಳಗಿದ್ದವರು ಅದನ್ನು ನಮ್ಮ ಪೆಟ್ಟಿಗೆಯದೇ ಸದ್ದು ಅಂದುಕೊಂಡಿರಬೇಕು, ಒಬ್ಬ ಶಿಳ್ಳೆ ಹೊಡೆದ. ನನ್ನ ಮೂಗಿಗೆ ಬಾಳೆಹಣ್ಣಿನ ವಾಸನೆ ಬಂತು.

ಪ್ರೊಸೆಸರ್ ಎಚ್ಚರಗೊಳ್ಳುತ್ತಿತ್ತು. ಅದರ ದೀಪಗಳು ಒಂದರ ಹಿಂದೊಂದು ಹತ್ತುತ್ತವೆ, ಯಾವ ಅವಸರವೂ ಇಲ್ಲದೆ. ನಾನು ಏರಿಸಿದ್ದ ಸಂಖ್ಯೆಯನ್ನು ಉಳಿಸಿರಲಿಲ್ಲ. ಪೂರ್ತಿ ಎಚ್ಚರವಾದರೆ ಅದಕ್ಕೆ ನೆನಪಿರುವುದು ಹಳೆಯ ಮೂವತ್ತೇ, ತುಂಬು ಬೇಸೇ. ಹಾಡು ಮಿಕ್ಸರಿನಲ್ಲಿ ಇನ್ನೂ ಓಡುತ್ತಿತ್ತು, ಬಾಗಿಲು ತೆರೆಯುವುದನ್ನೇ ಕಾಯುತ್ತ.

ಬೇಸಿನ ಆಂಪ್ಲಿಫೈಯರುಗಳ ಗುಂಡಿಗಳು ರ‍್ಯಾಕಿನ ಬುಡದಲ್ಲಿವೆ. ಮಂಡಿಯೂರಿ ಕೈ ಚಾಚಿದೆ. ಮೊದಲನೆಯದನ್ನು ಸೊನ್ನೆಗೆ ತಿರುಗಿಸುವಾಗ ಮಣಿಕಟ್ಟಿನ ಮೇಲೆ ಏನೋ ಬಂದು ಕೂತಿತು. ಉದ್ದನೆಯದು, ಜೇನುಬಣ್ಣದ ಹೊಟ್ಟೆಯದು. ಅದು ಬಾಗಿದ್ದನ್ನು ನೋಡಿದೆ. ಕೆಂಡ ಇಟ್ಟ ಹಾಗಾಯಿತು. ಕೈ ಕೊಡವಿದರೆ ಉಳಿದವು ಬರುತ್ತವೆ. ಕೊಡವಲಿಲ್ಲ. ಎರಡನೇ ಗುಂಡಿ. ಇನ್ನೊಂದು ಬಂದು ಅದೇ ಜಾಗದಲ್ಲಿ ಚುಚ್ಚಿತು. ಕಣ್ಣಲ್ಲಿ ನೀರು ತುಂಬಿ ಗುಂಡಿಗಳು ಕಲಸಿಹೋದವು. ತಡಕಾಡಿ ಮೂರನೆಯದನ್ನೂ ಕೊನೆಯದನ್ನೂ ತಿರುಗಿಸಿದೆ. ಕೊನೆಯ ದೀಪ ಹತ್ತಿತು.

ಹಾಡು ಬಂತು. ಬೇಸಿಲ್ಲದ, ಎಲುಬಿಲ್ಲದ, ಹಾರ್ನಿನ ತೆಳು ಹಾಡು. ನಾನು ಅದನ್ನೂ ಮೆಲ್ಲಗೆ, ದೂರ ಹೋಗುವವನ ಹಾಗೆ, ಸಣ್ಣಗೆ ಮಾಡಿದೆ.

ಸರ್ಕಲ್ಲೇ ಗೊಳ್ಳೆಂದು ನಕ್ಕಿತು. "ಭದ್ರಾವತಿ ಆಕಾಶವಾಣಿ!" ಎಂದು ಯಾರೋ ಒಬ್ಬ ಕೂಗಿದ. "ಈಗ ವಾರ್ತೆಗಳು!" ಎಂದ ಮತ್ತೊಬ್ಬ. ವಿಷ್ಣುವಿನ ಮುಖ ಕೆಂಪಗಾಗಿತ್ತು. "ಬಾವುಟ ಅಲ್ಲಾಡೋವರ್ಗೂ ಗಾಡಿ ಒಂದಿಂಚು ಹೋಗಲ್ಲ!" ಎಂದು ಬಾನೆಟ್ಟಿನ ಮೇಲೆ ಕೈ ಬಡಿದ.

ಅವನ ತಲೆಯ ಮೇಲೆ ಎರಡಾಳೆತ್ತರದಲ್ಲಿ ಆ ಹೊಗೆ ತೂಗುತ್ತಿತ್ತು. ಏರಲೋ ಇಳಿಯಲೋ ಎಂದು ಲೆಕ್ಕ ಹಾಕುವ ಹಾಗೆ. ನಗುತ್ತಿದ್ದವರಲ್ಲಿ ಒಬ್ಬರೂ ಆ ಕಡೆ ತಲೆಯೆತ್ತಲಿಲ್ಲ. ಓಬವ್ವನ ವೇಷದ ಒಂದು ಮಗು ಕೆನ್ನೆ ಮುಟ್ಟಿಕೊಂಡು ಅಳತೊಡಗಿತು. ಅದರ ತಾಯಿ ಸೆರಗಿನಲ್ಲಿ ಮುಖ ಒರೆಸಿ, "ಸೊಳ್ಳೆ ಕಣೇ, ಏನಿಲ್ಲ," ಎಂದಳು. ನನಗಿನ್ನು ಮಾಡಲು ಏನೂ ಉಳಿದಿರಲಿಲ್ಲ. ಡಬ್ಬಿಯೊಳಗಿನ ಯಾವ ಗುಂಡಿಯೂ ಆ ಬಾವುಟವನ್ನು ಅಲುಗಾಡಿಸಲಾರದು. ಅಜ್ಜಿಯ ಕಡೆ ನೋಡಿದೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮೇಲೆ ನೋಡಿದಳು. ಆರತಿ ತಟ್ಟೆಯನ್ನು ಕಲ್ಲಮ್ಮನಿಗೆ ಕೊಟ್ಟು, ಕಟ್ಟೆ ಹತ್ತಿ, ಧ್ವಜದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಾವುಟ ನಡುಗಿತು.

ಮೊದಲು ಅಂಚು, ಆಮೇಲೆ ಇಡೀ ಬಟ್ಟೆ. ಗಾಳಿಗೆ ಪಟಪಟಿಸುವ ಹಾಗಲ್ಲ. ಸಣ್ಣಗೆ, ಬಿಡದೆ, ಥೇಟ್ ಬೇಸ್ ತಾಗಿದ ಹಾಗೆ.

"ಅಲ್ಲಾಡ್ತು! ಅಲ್ಲಾಡ್ತು ಕಣ್ರೋ!"

ಎಲ್ಲರ ಕಣ್ಣು ಕಂಬದ ತುದಿಯಲ್ಲಿ. ಬುಡದಲ್ಲಿ ನಿಂತ ಮುದುಕಿಯನ್ನು ಯಾರು ನೋಡುತ್ತಾರೆ? ವಿಷ್ಣು ಎರಡೂ ಫೋನು ಮೇಲೆತ್ತಿ ವೀಡಿಯೊ ಮಾಡಿದ. "ಆಕಾಶವಾಣಿಗೇ ಅಲ್ಲಾಡ್ತಲ್ಲೋ! ನೋಡ್ಕೊಳ್ರೋ ಆಚೆ ಕಾಲೋನಿಯವ್ರು!" ಕಲ್ಲಮ್ಮ ಗಡಬಡಿಸಿ ಆರತಿ ಎತ್ತಿದಳು. ಟ್ರ್ಯಾಕ್ಟರ್ ಹೊರಟಿತು. ಮಕ್ಕಳು ಅದರ ಹಿಂದೆ ಓಡಿ ನೆರಳಿನಿಂದ ಬಿಸಿಲಿಗೆ ಹೋದರು. ಗಾಡಿ ಜರುಗಿತು. ನಾನು ಹಾಡನ್ನು ಇನ್ನೂ ಸಣ್ಣ, ಇನ್ನೂ ಸಣ್ಣ ಮಾಡುತ್ತ ಹಿಂದಕ್ಕೇ ನೋಡುತ್ತಿದ್ದೆ. ಕಟ್ಟೆಯ ಮೇಲೆ ಅಜ್ಜಿ ಒಬ್ಬಳೇ ಉಳಿದಳು, ಹಗ್ಗ ಬಿಡದೆ, ಅವಳ ಮೇಲೆ ಆ ಕರಿ ಹೊಗೆ. ತಿರುವಿನಲ್ಲಿ ಗೋಡೆ ಅಡ್ಡ ಬಂತು.

ಮುಖ್ಯರಸ್ತೆಯಲ್ಲಿ ಧರ್ಮೇಂದ್ರ ನನ್ನ ಕೈ ನೋಡಿದ. ಬೂದುಗುಂಬಳದ ಮಿಡಿಯಷ್ಟು ಊದಿತ್ತು. "ಏನೇ ಇದು?" ಎಂದ. ಹೇಳಿದೆ. ಅವನು ನೀರಿನ ಬಾಟಲಿ ತೆಗೆದು ನನ್ನ ಕೈಮೇಲೆ ಸುರಿದ. ಬೇಸ್ ಹಾಕು ಎಂದು ಹುಡುಗರು ಕೂಗಿದಾಗ ಅವನೇ ಬಗ್ಗಿ, "ಆಂಪ್ ಸುಟ್ಟೋಗಿದೆ, ಬೇಕಾದ್ರೆ ಕುಣೀರಿ, ಇಲ್ದಿದ್ರೆ ನಡೀರಿ," ಎಂದ.

ಮೆರವಣಿಗೆ ಮುಗಿಸಿ ಬೇರೆ ದಾರಿಯಿಂದ ಅಜ್ಜಿಮನೆಗೆ ಓಡಿದೆ. ಹಿತ್ತಿಲ ಬಾಗಿಲು ಹಾಕಿತ್ತು. ಕಿಟಕಿಗಳೆಲ್ಲ ಹಾಕಿದ್ದವು. ಅಜ್ಜಿ ಅಡುಗೆಮನೆಯ ಮಣೆಯ ಮೇಲೆ ಕೂತಿದ್ದಳು, ಸೆರಗನ್ನು ತಲೆ ತುಂಬ ಹೊದ್ದು. ಕಿವಿಯ ಹಿಂದೆ ಒಂದು, ಕತ್ತಿನ ಮೇಲೊಂದು ಕೆಂಪು ಗಂಟು.

"ಬಂದ್ಯಾ," ಎಂದಳು. "ನೀವು ತಿರುವು ದಾಟಿದ ಮೇಲೆ ನಾನೂ ಓಡದೆ ಮೆಲ್ಲಗೆ ನಡ್ಕೊಂಡು ಬಂದೆ." ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಉಗುರಿನಿಂದ ನನ್ನ ಮಣಿಕಟ್ಟಿನ ಮುಳ್ಳುಗಳನ್ನು ಕೆರೆದು ಹಾಕಿ ಸುಣ್ಣ ಹಚ್ಚಿದಳು.

"ಒಳ್ಳೇ ಐಡಿಯಾ ಮಾಡಿದೆ ಅಜ್ಜಿ. ಹಗ್ಗ ಅಲ್ಲಾಡಿಸೋದು ನನಗೆ ಹೊಳೀಲೇ ಇಲ್ಲ."

"ನಾನೆಲ್ಲಿ ಅಲ್ಲಾಡಿಸ್ದೆ?" ಅಜ್ಜಿ ನನ್ನ ಮುಖ ನೋಡಿದಳು. "ಬಾವುಟ ಇಳಿಸಿಬಿಡೋಣ ಅಂತ ಹತ್ತಿದ್ದು. ಬಾವುಟನೇ ಇಲ್ಲ ಅಂದ್ರೆ ಮುಂಡೇವು ಮುಂದಕ್ಕೆ ಹೋಗ್ತಾವಲ್ಲ ಅಂತ. ಗಂಟು ಬಿಚ್ಚೋಕೆ ಹೋದ್ರೆ ಕೈ ಬರ್ಲಿಲ್ಲ. ಮೇಲೆ ಅವು ಹಂಗೆ ನಿಂತಿದ್ವು. ನಿನ್ನ ಕೈ ನೋಡ್ದೆ. ಕೈ ನಡುಗಿದ್ದು ನಡುಗಿದ್ದೇ. ಇನ್ನೂ ನಿಂತಿಲ್ಲ, ನೋಡು."

ಸುಣ್ಣ ಮೆತ್ತಿದ ಬೆರಳನ್ನು ನನ್ನ ಮುಂದೆ ಹಿಡಿದಳು. ಅದು ಸಣ್ಣಗೆ, ಬಿಡದೆ ನಡುಗುತ್ತಿತ್ತು. ಆ ಕೈಯನ್ನು ನನ್ನ ಎರಡು ಕೈಗಳೊಳಗೆ ಹಿಡಿದುಕೊಂಡೆ. ನನ್ನವೂ ನಡುಗುತ್ತಿದ್ದವು. ಯಾರದು ಯಾರಿಗೆ ತಾಗುತ್ತಿದೆ ಎಂದು ತಿಳಿಯಲಿಲ್ಲ.

ಹಾಕಿದ ಕಿಟಕಿಯ ಗಾಜಿಗೆ ಹೊರಗಿನಿಂದ ಏನೋ ಟಪ್ ಎಂದು ಬಡಿಯಿತು. ಸ್ವಲ್ಪ ಬಿಟ್ಟು ಇನ್ನೊಂದು.

"ಅಜ್ಜಿ, ಆ ಡೊಳ್ಳಿನವನಿಗೆ ಆಮೇಲೆ ಏನಾಯ್ತು?"

ಅಜ್ಜಿ ಕಿಟಕಿಯ ಕಡೆ ನೋಡಿದಳು. "ಊಟ ಮಾಡು," ಎಂದಳು, "ಹೇಳ್ತೀನಿ."